ಸಣ್ಣ ಪದಗಳ ಕಷ್ಟ: ಇಂಗ್ಲಿಷಿನ ದಿನಬಳಕೆಯ ಶಬ್ದಗಳು, ಲಕ್ಷಣ ಮತ್ತು ಪ್ರಯೋಗ

ಒಂದು ಪದದ ಅರ್ಥ ಮನುಷ್ಯನಿಗೆ ಯಾವ ಯಾವ ದಾರಿಗಳಿಂದ ತಿಳಿಯುತ್ತದೆ ಎಂಬ ಪ್ರಶ್ನೆಯನ್ನು ಭಾರತೀಯ ತರ್ಕಶಾಸ್ತ್ರಜ್ಞರು ಬಹು ಹಿಂದೆಯೇ ಎತ್ತಿಕೊಂಡು, ಅದಕ್ಕೆ ಎಂಟು ಉತ್ತರಗಳನ್ನು ಕೊಟ್ಟಿದ್ದಾರೆ. ಪದಕ್ಕೂ ಅದು ಸೂಚಿಸುವ ವಸ್ತುವಿಗೂ ಇರುವ ಸಂಬಂಧವನ್ನು ಅವರು ‘ಶಕ್ತಿ’ ಎಂದೂ ಆ ಸಂಬಂಧವನ್ನು ಅರಿಯುವುದನ್ನು ‘ಶಕ್ತಿಗ್ರಹ’ ಎಂದೂ ಕರೆದರು. ವ್ಯಾಕರಣ, ಉಪಮಾನ, ಕೋಶ, ಆಪ್ತರ ಮಾತು, ವ್ಯವಹಾರ, ವಾಕ್ಯಶೇಷ, ವಿವೃತಿ ಮತ್ತು ಸಿದ್ಧಪದದ ಸಾನ್ನಿಧ್ಯ ಇವೇ ಶಕ್ತಿಗ್ರಹದ ಆ ಎಂಟು ಸಾಧನಗಳು. ವಿವೃತಿ ಎಂದರೆ ಪದದ ಅರ್ಥವನ್ನು ಬೇರೆ ಮಾತುಗಳಲ್ಲಿ ಬಿಡಿಸಿ ಹೇಳುವುದು. ವಾಕ್ಯಶೇಷ ಎಂದರೆ ಆ ಪದ ಬಂದಿರುವ ವಾಕ್ಯಕ್ಕೆ ಪೂರಕವಾಗಿ ಅದೇ ಪ್ರಕರಣದಲ್ಲಿ ಬರುವ ಉಳಿದ ಮಾತು. ಸಿದ್ಧಪದದ ಸಾನ್ನಿಧ್ಯ ಎಂದರೆ ಗೊತ್ತಿಲ್ಲದ ಪದವು ಗೊತ್ತಿರುವ ಪದಗಳ ನೆರೆಯಲ್ಲಿ ಬಂದು, ಆ ನೆರೆಯ ಬಲದಿಂದಲೇ ಅರ್ಥವಾಗುವುದು. ‘ಪಿಕ’ ಎಂಬ ಪದವನ್ನು ಎಂದೂ ಕೇಳದವನು ಕೂಡ, ಮಾವಿನ ಮರದಲ್ಲಿ ಕುಳಿತು ಇಂಪಾಗಿ ಕೂಗುತ್ತಿರುವುದು ಅದು ಎಂದು ಹೇಳಿದರೆ, ಅದು ಕೋಗಿಲೆಯೇ ಇರಬೇಕೆಂದು ತಾನೇ ತಿಳಿದುಕೊಳ್ಳುತ್ತಾನೆ ಎಂಬುದು ಶಾಸ್ತ್ರಗ್ರಂಥಗಳಲ್ಲಿ ಬರುವ ಉದಾಹರಣೆ.

ಇಂಗ್ಲಿಷನ್ನು ಎರಡನೆಯ ಭಾಷೆಯಾಗಿ ಕಲಿಯುವವರಿಗೆಂದು ಇಪ್ಪತ್ತನೆಯ ಶತಮಾನದಲ್ಲಿ ರೂಪುಗೊಂಡ ನಿಘಂಟುಗಳು ಈ ಎಂಟರಲ್ಲಿ ವಿವೃತಿಯನ್ನೂ ಸಿದ್ಧಪದದ ಸಾನ್ನಿಧ್ಯವನ್ನೂ ಹೆಚ್ಚಾಗಿ ನೆಚ್ಚಿಕೊಂಡಿವೆ. ಪದದ ಎದುರಿಗೆ ಮೊದಲು ಅದರ ವಿವರಣೆ, ಅದರ ಬೆನ್ನಿಗೆ ಪದ ಬಳಕೆಯಾಗಿರುವ ಒಂದೆರಡು ವಾಕ್ಯ ಎಂಬ ಕ್ರಮ ಈಗ ಎಷ್ಟು ರೂಢಿಯಾಗಿದೆಯೆಂದರೆ, ಇವೆರಡರಲ್ಲಿ ಯಾವುದು ಯಾವ ಕೆಲಸ ಮಾಡುತ್ತದೆ ಎಂದು ಕೇಳುವವರೇ ಕಡಿಮೆ. ಶಾಸ್ತ್ರದ ಪದವನ್ನು ವಿವರಣೆಯಿಂದ ಕಲಿಯಬಹುದು, ದಿನಬಳಕೆಯ ಪದವನ್ನು ಮಾತ್ರ ವಾಕ್ಯದಿಂದಲೇ ಕಲಿಯಬೇಕು ಎಂಬುದು ಈ ಉಪನ್ಯಾಸದ ವಾದ. ಕನ್ನಡನಾಡಿನ ತರಗತಿಗಳಲ್ಲಿ ನಡೆದುಬಂದಿರುವ ಪದಪಾಠವು ಈ ವ್ಯತ್ಯಾಸವನ್ನು ಗಮನಿಸದೆ, ಎಲ್ಲ ಪದಗಳನ್ನೂ ಒಂದೇ ಬಗೆಯ ಎರಡಂಕಣದ ಪಟ್ಟಿಗೆ ಇಳಿಸಿರುವುದರಿಂದ ಕಲಿಯುವವರ ಶ್ರಮ ಬಹುಮಟ್ಟಿಗೆ ವ್ಯರ್ಥವಾಗುತ್ತಿದೆ.

ದಿನಬಳಕೆಯ ಪದಗಳು ಸುಲಭ, ಶಾಸ್ತ್ರದ ಪದಗಳು ಕಠಿಣ ಎಂಬ ನಂಬಿಕೆಯನ್ನು ಮೊದಲು ಪರೀಕ್ಷಿಸಬೇಕು. ‘ಫೋಟೋಸಿಂಥೆಸಿಸ್’ ಎಂಬ ಪದ ಉಚ್ಚರಿಸಲು ತೊಡಕಿನದಾದರೂ ಅದಕ್ಕೆ ಒಂದೇ ಅರ್ಥ. ವಿಜ್ಞಾನದ ಪುಸ್ತಕ ಅದನ್ನು ನಾಲ್ಕು ಸಾಲಿನಲ್ಲಿ ವಿವರಿಸುತ್ತದೆ, ದ್ಯುತಿಸಂಶ್ಲೇಷಣೆ ಎಂಬ ಕನ್ನಡ ಪದ ಅದರ ಜಾಗದಲ್ಲಿ ಏನೂ ಸೋರದಂತೆ ಕುಳಿತುಕೊಳ್ಳುತ್ತದೆ. ‘ಟೇಕ್’ ಎಂಬ ಒಂದೇ ಉಸಿರಿನ ಪದಕ್ಕೆ ಅಂಥ ಭಾಗ್ಯವಿಲ್ಲ. ‘ಟೇಕ್ ಎ ಬಸ್’ ಎಂದರೆ ಬಸ್ಸಿನಲ್ಲಿ ಹೋಗುವುದು, ‘ಟೇಕ್ ಎ ಸೀಟ್’ ಎಂದರೆ ಕುಳಿತುಕೊಳ್ಳುವುದು, ಕೆಲಸವೊಂದು ಎರಡು ಗಂಟೆಯನ್ನು ‘ಟೇಕ್’ ಮಾಡಿದರೆ ಕನ್ನಡದಲ್ಲಿ ಅದು ಎರಡು ಗಂಟೆ ಹಿಡಿಯುತ್ತದೆ, ‘ಟೇಕ್ ಆಫ್’ ಎನ್ನುವುದು ವಿಮಾನಕ್ಕೆ ಮೇಲೇರುವುದಾದರೆ ಚಪ್ಪಲಿಗೆ ಬಿಚ್ಚುವುದು. ‘ತೆಗೆದುಕೊಳ್ಳು’ ಎಂಬ ಒಂದು ಅರ್ಥವನ್ನು ಉರುಹೊಡೆದ ವಿದ್ಯಾರ್ಥಿಗೆ ಇವುಗಳಲ್ಲಿ ಬಹುಪಾಲು ಮುಚ್ಚಿದ ಬಾಗಿಲುಗಳೇ. ಕನ್ನಡವೂ ಈ ವಿಷಯದಲ್ಲಿ ಬೇರೆಯಲ್ಲ: ಗೋಡೆಗೆ ಬಣ್ಣ ಹೊಡೆಯುವುದು, ಗಾಡಿ ಹೊಡೆಯುವುದು, ಹಾರ್ನ್ ಹೊಡೆಯುವುದು, ಮಧ್ಯಾಹ್ನ ನಿದ್ದೆ ಹೊಡೆಯುವುದು ಇವುಗಳಲ್ಲಿ ಪೆಟ್ಟಿನ ಅರ್ಥವನ್ನೇ ಹುಡುಕುವ ಪರಭಾಷಿಕನ ಪಾಡನ್ನು ನೆನೆದರೆ, ‘ಗೆಟ್’, ‘ಪುಟ್’, ‘ಟೇಕ್’ಗಳ ಎದುರು ಕನ್ನಡದ ಹುಡುಗನೋ ಹುಡುಗಿಯೋ ಏಕೆ ತಬ್ಬಿಬ್ಬಾಗುತ್ತಾರೆ ಎಂಬುದು ತಿಳಿಯುತ್ತದೆ. ಹೆಚ್ಚು ಬಳಕೆಯಾದಷ್ಟೂ ಪದದ ಅಂಚುಗಳು ಸವೆದು ಅರ್ಥ ಹರಡಿಕೊಳ್ಳುತ್ತದೆ; ಹರಡಿಕೊಂಡ ಅರ್ಥವನ್ನು ಒಂದು ವಿವರಣೆಯೊಳಗೆ ಹಿಡಿಯುವುದು ಕಷ್ಟ.

ಇಂಗ್ಲಿಷಿನ ನಿಘಂಟುಕಾರರು ಈ ಕಷ್ಟವನ್ನು ಬಹುಕಾಲ ಎದುರಿಸಲೇ ಇಲ್ಲ, ಏಕೆಂದರೆ ಅವರು ಬರೆಯುತ್ತಿದ್ದುದು ಇಂಗ್ಲಿಷ್ ಬಲ್ಲವರಿಗಾಗಿ. ಇಂಗ್ಲಿಷಿಗೆ ಇಂಗ್ಲಿಷಿನಲ್ಲೇ ಅರ್ಥ ಹೇಳುವ ಮೊದಲ ನಿಘಂಟೆಂದು ಹೆಸರಾದ ರಾಬರ್ಟ್ ಕಾಡ್ರೆಯವರ 1604ರ ಪುಸ್ತಕದಲ್ಲಿದ್ದುದು ಸುಮಾರು 2,500 ಪದಗಳು ಮಾತ್ರ, ಅವೂ ಲ್ಯಾಟಿನ್, ಗ್ರೀಕ್ ಮೊದಲಾದ ಭಾಷೆಗಳಿಂದ ಬಂದ ಕಠಿಣ ಪದಗಳು. ದಿನಬಳಕೆಯ ಪದಕ್ಕೆ ಅರ್ಥ ಹೇಳಬೇಕೆಂಬ ಅಗತ್ಯವೇ ಅವರಿಗೆ ಕಾಣಲಿಲ್ಲ. 1755ರಲ್ಲಿ ಸ್ಯಾಮ್ಯುಯೆಲ್ ಜಾನ್ಸನ್ ಸಾಮಾನ್ಯ ಪದಗಳನ್ನೂ ಸೇರಿಸಿಕೊಂಡು, ಸಾಹಿತ್ಯದಿಂದ ಲಕ್ಷಕ್ಕೂ ಮೀರಿದ ಉದ್ಧರಣೆಗಳನ್ನು ಆಯ್ದು ಜೋಡಿಸಿ ನಿಘಂಟಿನ ಸ್ವರೂಪವನ್ನೇ ಬದಲಿಸಿದರು. ಆದರೆ ಅವರ ವಿವರಣೆಗಳು ಎಷ್ಟೋ ಕಡೆ ವಿವರಿಸಬೇಕಾದ ಪದಕ್ಕಿಂತ ಕಠಿಣ. ಬಲೆಯಂಥ ಹೆಣಿಗೆಯನ್ನು ಸೂಚಿಸುವ ‘ನೆಟ್‌ವರ್ಕ್’ ಎಂಬ ಪದಕ್ಕೆ ಅವರು ಕೊಟ್ಟ ವಿವರಣೆಯಲ್ಲಿ ಬರುವ ಲ್ಯಾಟಿನ್ ಮೂಲದ ಶಬ್ದಗಳಿಗಾಗಿ ಮತ್ತೊಂದು ನಿಘಂಟನ್ನು ತೆರೆಯಬೇಕು.

ವಿವರಣೆ ಹೇಗಿರಬೇಕು ಎಂಬುದಕ್ಕೆ ತರ್ಕಶಾಸ್ತ್ರದ ‘ಲಕ್ಷಣ’ದ ಚರ್ಚೆ ಒಳ್ಳೆಯ ಅಳತೆಗೋಲನ್ನು ಒದಗಿಸುತ್ತದೆ. ಲಕ್ಷಣವೆಂದರೆ ಒಂದು ವಸ್ತುವನ್ನು ಉಳಿದೆಲ್ಲವುಗಳಿಂದ ಬೇರ್ಪಡಿಸುವ ಅಸಾಧಾರಣ ಧರ್ಮವನ್ನು ಹೇಳುವ ಮಾತು. ಕೊಂಬುಳ್ಳದ್ದು ಹಸು ಎಂದರೆ ಎಮ್ಮೆಯೂ ಅದರೊಳಗೆ ಬಂದುಬಿಡುತ್ತದೆ, ಅದು ಅತಿವ್ಯಾಪ್ತಿ. ಕಪಿಲವರ್ಣದ್ದು ಹಸು ಎಂದರೆ ಬಿಳಿಯ ಹಸು ಹೊರಗುಳಿಯುತ್ತದೆ, ಅದು ಅವ್ಯಾಪ್ತಿ. ಒಂಟಿಗೊರಸಿನದ್ದು ಹಸು ಎಂದರೆ ಯಾವ ಹಸುವಿಗೂ ಅದು ಹೊಂದುವುದಿಲ್ಲ, ಅದು ಅಸಂಭವ. ಕೊರಳ ಕೆಳಗೆ ಜೋತಾಡುವ ಚರ್ಮವುಳ್ಳದ್ದು ಎಂದಾಗ ಮಾತ್ರ ಲಕ್ಷಣ ಸರಿಯಾಗುತ್ತದೆ. ಈ ಮೂರು ದೋಷಗಳ ಜೊತೆಗೆ ನಿಘಂಟುಗಳನ್ನು ಕಾಡುವ ನಾಲ್ಕನೆಯದೊಂದಿದೆ: ‘ಬಿಗ್’ ಎಂದರೆ ‘ಲಾರ್ಜ್’ ಎಂದೂ ‘ಲಾರ್ಜ್’ ಎಂದರೆ ‘ಬಿಗ್’ ಎಂದೂ ಹೇಳಿ ಓದುಗನನ್ನು ಅಲ್ಲಿಂದಿಲ್ಲಿಗೆ ಅಲೆಸುವ ಅನ್ಯೋನ್ಯಾಶ್ರಯ, ಅಂದರೆ ಒಂದು ಇನ್ನೊಂದನ್ನು ಆಶ್ರಯಿಸಿ ಎರಡೂ ನೆಲೆಯಿಲ್ಲದಿರುವುದು.

ಈ ದೋಷಕ್ಕೆ ಮೊದಲ ಗಟ್ಟಿಯಾದ ಪರಿಹಾರ ಹುಟ್ಟಿದ್ದು ಇಂಗ್ಲೆಂಡಿನಲ್ಲಲ್ಲ, ಬಂಗಾಳದಲ್ಲಿ. ಭಾರತೀಯ ಶಿಕ್ಷಣ ಸೇವೆಯಲ್ಲಿದ್ದು ಢಾಕಾದ ಶಿಕ್ಷಕರ ತರಬೇತಿ ಕಾಲೇಜಿನ ಪ್ರಾಂಶುಪಾಲರಾಗಿದ್ದ ಮೈಕೆಲ್ ವೆಸ್ಟ್, ಬಂಗಾಳದ ಮಕ್ಕಳು ವರ್ಷಗಟ್ಟಲೆ ಇಂಗ್ಲಿಷ್ ಕಲಿತೂ ಒಂದು ಪುಸ್ತಕವನ್ನು ತಾವಾಗಿ ಓದಲಾರದೆ ಹೋಗುವುದನ್ನು ಗಮನಿಸಿದರು. ದ್ವಿಭಾಷಿಕತೆಯನ್ನು ಕುರಿತು ಅವರು 1926ರಲ್ಲಿ ಪ್ರಕಟಿಸಿದ ಗ್ರಂಥ ಈ ಅನುಭವದ ಫಲ. ಓದುವ ಪಾಠಗಳಲ್ಲಿ ಹೊಸ ಪದಗಳು ಒಂದರ ಮೇಲೊಂದು ಬಿದ್ದು ಮಗುವನ್ನು ಅದುಮಿಹಾಕುತ್ತವೆ, ಅವುಗಳನ್ನು ಎಣಿಸಿ ವಿರಳವಾಗಿ ಹಂಚಬೇಕು, ಅಪರೂಪದ ಪದದ ಬದಲು ಹೆಚ್ಚು ಬಳಕೆಯ ಪದವನ್ನೇ ಇಡಬೇಕು ಎಂದು ಅವರು ಕಂಡುಕೊಂಡರು. ಇದೇ ತತ್ತ್ವವನ್ನು ನಿಘಂಟಿಗೂ ಹೊಂದಿಸಿ, ಜೇಮ್ಸ್ ಎಂಡಿಕಾಟ್ ಅವರೊಡನೆ 1935ರಲ್ಲಿ ಹೊರತಂದ ಕೋಶದಲ್ಲಿ ಸುಮಾರು 24,000 ಪದಗಳನ್ನೂ ನುಡಿಗಟ್ಟುಗಳನ್ನೂ ಕೇವಲ 1,490 ಪದಗಳನ್ನು ಬಳಸಿ ವಿವರಿಸಿದರು. ಅಷ್ಟು ಪದಗಳು ಗೊತ್ತಿದ್ದವರಿಗೆ ಇಡೀ ನಿಘಂಟು ತೆರೆದುಕೊಳ್ಳುತ್ತದೆ. ವಿವರಣೆಯೊಳಗಿನ ಪ್ರತಿಯೊಂದು ಪದವೂ ಸಿದ್ಧಪದವೇ ಆಗಿರುವುದರಿಂದ ಅನ್ಯೋನ್ಯಾಶ್ರಯಕ್ಕೆ ಅಲ್ಲಿ ಎಡೆ ತೀರ ಕಡಿಮೆ. 1978ರಲ್ಲಿ ಬಂದ ಲಾಂಗ್‌ಮನ್ ನಿಘಂಟು ಸುಮಾರು 2,000 ಪದಗಳ ಮಿತಿಯನ್ನು ಹಾಕಿಕೊಂಡು ಇದೇ ಹಾದಿಯಲ್ಲಿ ನಡೆಯಿತು, ಈಗ ಕಲಿಯುವವರ ನಿಘಂಟುಗಳಲ್ಲಿ ಈ ಮಿತಿ ಸಾಮಾನ್ಯವಾಗಿದೆ.

ವೆಸ್ಟ್ ಅವರ ಇನ್ನೊಂದು ಕೆಲಸ ಇದಕ್ಕಿಂತಲೂ ಹೆಚ್ಚು ಬೆಲೆಯುಳ್ಳದ್ದು. ಅವರ ಸಂಪಾದಕತ್ವದಲ್ಲಿ 1953ರಲ್ಲಿ ಪ್ರಕಟವಾದ, ಸುಮಾರು 2,000 ಮುಖ್ಯಪದಗಳ ಸಾಮಾನ್ಯ ಬಳಕೆಯ ಪಟ್ಟಿಯು ಪದಗಳನ್ನು ಮಾತ್ರ ಎಣಿಸದೆ, ಒಂದು ಪದದ ಹಲವು ಅರ್ಥಗಳಲ್ಲಿ ಯಾವ ಅರ್ಥ ಶೇಕಡಾ ಎಷ್ಟು ಸಲ ಬರುತ್ತದೆ ಎಂಬುದನ್ನೂ ತೋರಿಸಿತು. ಪದವೊಂದನ್ನು ಕಲಿಯುವುದೆಂದರೆ ಅದರ ಎಲ್ಲ ಅರ್ಥಗಳನ್ನೂ ಒಮ್ಮೆಗೇ ನುಂಗುವುದಲ್ಲ, ಹೆಚ್ಚು ಬಳಕೆಯ ಅರ್ಥವನ್ನು ಮೊದಲು ಹಿಡಿದು ಉಳಿದವುಗಳನ್ನು ಬಂದಬಂದಂತೆ ಸೇರಿಸಿಕೊಳ್ಳುವುದು ಎಂಬ ಪಾಠ ಆ ಅಂಕಿಗಳಲ್ಲಿದೆ. ಒಂದು ಪದಕ್ಕೆ ಏಳು ಸಮಾನಾರ್ಥಕಗಳನ್ನು ಬರೆಸುವ ಶಿಕ್ಷಕರು ಈ ಪಾಠವನ್ನು ಗಮನಿಸಬೇಕು.

ಆದರೂ ಮಿತಪದಗಳ ವಿವರಣೆ ದಿನಬಳಕೆಯ ಪದದ ಮುಂದೆ ಬಂದಾಗ ಅದರ ಬಲ ಕುಗ್ಗುತ್ತದೆ, ಇದಕ್ಕೆ ಕಾರಣಗಳು ಎರಡು. ಮೊದಲನೆಯದು, ವಿವರಿಸಲು ಬಳಸುವ ಸಣ್ಣ ಪದಗಳೇ ನಾನಾರ್ಥಗಳುಳ್ಳವು: ‘ಪುಟ್’, ‘ಅಪ್’, ‘ವಿತ್’ ಮೂರೂ ಪಟ್ಟಿಯೊಳಗೇ ಇದ್ದರೂ ಅವು ಒಟ್ಟಾಗಿ ‘ಸಹಿಸಿಕೊಳ್ಳು’ ಎಂಬ ಅರ್ಥ ಕೊಡುತ್ತವೆ ಎಂಬುದು ಬಿಡಿಬಿಡಿಯಾಗಿ ಅವನ್ನು ಬಲ್ಲವರಿಗೆ ಹೊಳೆಯುವುದಿಲ್ಲ. ಎರಡನೆಯದು ಇನ್ನೂ ಆಳವಾದದ್ದು: ಪದದ ಅರ್ಥ ತಿಳಿದರೂ ಅದು ವಾಕ್ಯದಲ್ಲಿ ಹೇಗೆ ನಡೆದುಕೊಳ್ಳುತ್ತದೆ ಎಂಬುದನ್ನು ವಿವರಣೆ ಹೇಳುವುದಿಲ್ಲ. ‘ಡಿಸ್ಕಸ್’ ಎಂದರೆ ಚರ್ಚಿಸು ಎಂದು ಬಲ್ಲವರು ಕನ್ನಡದಲ್ಲಿ ‘ವಿಷಯದ ಬಗ್ಗೆ ಚರ್ಚಿಸಿದೆವು’ ಎನ್ನುವ ರೂಢಿಯಿಂದ ಇಂಗ್ಲಿಷಿನಲ್ಲಿ ಆ ಕ್ರಿಯಾಪದದ ಮುಂದೆ ‘ಅಬೌಟ್’ ಸೇರಿಸಿಬಿಡುತ್ತಾರೆ. ‘ಅಡ್ವೈಸ್’ ಎಂದರೆ ಸಲಹೆ, ಸಲಹೆಗಳು ಎಂಬ ಬಹುವಚನ ಕನ್ನಡದಲ್ಲಿ ಸರಿಯಾಗಿರುವುದರಿಂದ ‘ಅಡ್ವೈಸಸ್’ ಎಂದು ಬರೆಯುತ್ತಾರೆ. ‘ಫರ್ನಿಚರ್’, ‘ಇನ್ಫರ್ಮೇಷನ್’ ಪದಗಳಿಗೂ ಇದೇ ಗತಿ. ಇಲ್ಲಿ ಅರ್ಥದ ತಪ್ಪು ಒಂದೂ ಇಲ್ಲ, ಇರುವುದು ಬಳಕೆಯ ತಪ್ಪು ಮಾತ್ರ, ಅದನ್ನು ತಿದ್ದುವ ಶಕ್ತಿ ಪ್ರಯೋಗವಾಕ್ಯಕ್ಕಲ್ಲದೆ ಬೇರೆ ಯಾವುದಕ್ಕೂ ಇಲ್ಲ.

ಮಗು ತಾಯ್ನುಡಿಯನ್ನು ಕಲಿಯುವ ಬಗೆಯನ್ನು ವರ್ಣಿಸುವಾಗ ಮೀಮಾಂಸಕರೂ ನೈಯಾಯಿಕರೂ ವ್ಯವಹಾರಕ್ಕೆ ಮೊದಲ ಸ್ಥಾನ ಕೊಟ್ಟರು. ಹಿರಿಯನೊಬ್ಬ ಹಸುವನ್ನು ತರಲು ಹೇಳುತ್ತಾನೆ, ಇನ್ನೊಬ್ಬ ತರುತ್ತಾನೆ, ನೋಡುತ್ತಿರುವ ಮಗುವಿಗೆ ಇಡೀ ಮಾತಿನ ಅರ್ಥ ಒಟ್ಟಾಗಿ ತಿಳಿಯುತ್ತದೆ. ಆಮೇಲೆ ಹಸುವನ್ನು ಕಟ್ಟು, ಕುದುರೆಯನ್ನು ತಾ ಎಂಬ ಮಾತುಗಳು ಬಂದಾಗ, ಒಂದು ಪದ ಹೋಗಿ ಇನ್ನೊಂದು ಬಂದ ಜಾಗವನ್ನು ಗಮನಿಸಿ ಯಾವ ಪದಕ್ಕೆ ಯಾವ ಅರ್ಥ ಎಂದು ಬಿಡಿಸಿಕೊಳ್ಳುತ್ತದೆ. ಪದವನ್ನು ಸೇರಿಸುವುದಕ್ಕೆ ಆವಾಪ ಎಂದೂ ತೆಗೆಯುವುದಕ್ಕೆ ಉದ್ವಾಪ ಎಂದೂ ಹೆಸರು. 1916ರಲ್ಲಿ ಹೆರಾಲ್ಡ್ ಪಾಮರ್ ಇಂಗ್ಲಿಷ್ ಕಲಿಯುವವರಿಗಾಗಿ ಪ್ರಕಟಿಸಿದ ನೂರು ಕೋಷ್ಟಕಗಳಲ್ಲಿ ವಾಕ್ಯದ ಚೌಕಟ್ಟು ಹಾಗೇ ಉಳಿದು, ಒಂದೊಂದು ಸ್ಥಾನದ ಪದ ಮಾತ್ರ ಬದಲಾಗುತ್ತ ಹೋಗುತ್ತದೆ, ತತ್ತ್ವ ಅದೇ. ಈ ಎರಡು ಪರಂಪರೆಗಳು ಒಂದನ್ನೊಂದು ಅರಿಯದೆ ಒಂದೇ ಜಾಗಕ್ಕೆ ಬಂದು ಸೇರಿರುವುದು, ವಾಕ್ಯವೇ ಕಲಿಕೆಯ ಮೊದಲ ಘಟಕ ಎಂಬುದಕ್ಕೆ ಬಲವಾದ ಸಾಕ್ಷ್ಯ.

ಪಾಮರ್ 1922ರಲ್ಲಿ ಜಪಾನಿಗೆ ಹೋಗಿ ಅಲ್ಲಿನ ಶಿಕ್ಷಣ ಇಲಾಖೆಗೆ ಸಲಹೆಗಾರರಾದರು, ಎರಡು ವರ್ಷಗಳ ತರುವಾಯ ಅಲ್ಲಿಗೇ ಅಧ್ಯಾಪಕರಾಗಿ ಬಂದ ಎ. ಎಸ್. ಹಾರ್ನ್‌ಬಿ ಮುಂದೆ ಅವರ ಜೊತೆಗಾರರಾದರು. ಹಾರ್ನ್‌ಬಿ ಮತ್ತು ಅವರ ಇಬ್ಬರು ಸಂಗಡಿಗರು ಸಿದ್ಧಪಡಿಸಿದ ನಿಘಂಟು 1942ರಲ್ಲಿ ಟೋಕಿಯೋದಲ್ಲಿ, ಬ್ರಿಟನ್ನಿಗೂ ಜಪಾನಿಗೂ ಯುದ್ಧ ನಡೆಯುತ್ತಿರುವಾಗಲೇ, ಕೈತಾಕುಶಾ ಎಂಬ ಪ್ರಕಾಶನದಿಂದ ಹೊರಬಂತು; 1948ರಲ್ಲಿ ಆಕ್ಸ್‌ಫರ್ಡ್ ಅದನ್ನು ಮರುಮುದ್ರಿಸಿತು, ಇಂದು ನಮ್ಮ ಕಾಲೇಜುಗಳ ಗ್ರಂಥಾಲಯಗಳಲ್ಲಿ ಕಾಣುವ ಆಕ್ಸ್‌ಫರ್ಡ್ ಅಡ್ವಾನ್ಸ್ಡ್ ಲರ್ನರ್ಸ್ ಡಿಕ್ಷನರಿಯ ಮೂಲ ಅದೇ. ಓದುವವರಿಗೆ ಅರ್ಥ ಸಾಕು, ಬರೆಯುವವರಿಗೆ ಬಳಕೆಯೂ ಬೇಕು ಎಂಬುದನ್ನು ಈ ನಿಘಂಟು ಮೊದಲು ಮನಗಂಡಿತು. ಕ್ರಿಯಾಪದಗಳು ವಾಕ್ಯದಲ್ಲಿ ನಡೆಯುವ ಬಗೆಗಳನ್ನು ಹಾರ್ನ್‌ಬಿ 25 ಮಾದರಿಗಳಾಗಿ ವಿಂಗಡಿಸಿ ಪ್ರತಿ ಕ್ರಿಯಾಪದದ ಮುಂದೆ ಮಾದರಿಯ ಸಂಖ್ಯೆಯನ್ನು ಸೂಚಿಸಿದರು. ಎಣಿಸಬಹುದಾದ ನಾಮಪದ ಯಾವುದು, ಎಣಿಸಲಾಗದ್ದು ಯಾವುದು ಎಂಬುದನ್ನು ಗುರುತುಹಾಕಿ ತೋರಿಸಿದರು. ಈ ಸಂಖ್ಯೆಗಳನ್ನೂ ಗುರುತುಗಳನ್ನೂ ನೋಡುವ ತಾಳ್ಮೆ ಎಲ್ಲರಿಗೂ ಇರುವುದಿಲ್ಲ ಎಂಬುದು ನಿಜ, ಆದರೆ ಅವುಗಳ ಪಕ್ಕದ ಪುಟ್ಟ ವಾಕ್ಯ ಅದೇ ವಿಷಯವನ್ನು ಯಾವ ಸಂಕೇತವೂ ಇಲ್ಲದೆ ಹೇಳುತ್ತದೆ.

ವಿವರಣೆಯನ್ನೇ ವಾಕ್ಯವಾಗಿಸುವ ಹೆಜ್ಜೆ 1987ರಲ್ಲಿ ನಡೆಯಿತು. ಬರ್ಮಿಂಗ್‌ಹ್ಯಾಮ್ ವಿಶ್ವವಿದ್ಯಾಲಯದ ಜಾನ್ ಸಿಂಕ್ಲೇರ್ ಅವರ ನೇತೃತ್ವದಲ್ಲಿ ಕಾಲಿನ್ಸ್ ಪ್ರಕಟಿಸಿದ ಕೋಬಿಲ್ಡ್ ನಿಘಂಟಿಗೆ ಆಧಾರ, ಪುಸ್ತಕ, ಪತ್ರಿಕೆ ಮತ್ತು ಮಾತುಗಳಿಂದ ಕೂಡಿಸಿ ಕಂಪ್ಯೂಟರಿಗೆ ಉಣಿಸಿದ 70 ಲಕ್ಷಕ್ಕೂ ಮೀರಿದ ಪದಗಳ ಪಠ್ಯರಾಶಿ. ‘ಬಾರೋ’ ಮತ್ತು ‘ಲೆಂಡ್’ ಎರಡಕ್ಕೂ ನೋಟುಪುಸ್ತಕದಲ್ಲಿ ‘ಸಾಲ’ ಎಂದು ಬರೆದುಕೊಂಡ ವಿದ್ಯಾರ್ಥಿ ಪರೀಕ್ಷೆಯಲ್ಲಿ ಎರಡನ್ನೂ ಅದಲುಬದಲು ಮಾಡುತ್ತಾನೆ. ಆ ನಿಘಂಟಿನ ರೀತಿಯಲ್ಲಿ, ನೀವು ಇನ್ನೊಬ್ಬರ ವಸ್ತುವನ್ನು ಅವರ ಒಪ್ಪಿಗೆ ಪಡೆದು ಬಳಸಿ ಹಿಂದಿರುಗಿಸುವುದಾದರೆ ನೀವು ಮಾಡುವುದು ‘ಬಾರೋ’, ನಿಮ್ಮ ವಸ್ತುವನ್ನು ಹಾಗೆ ಇನ್ನೊಬ್ಬರಿಗೆ ಕೊಟ್ಟರೆ ‘ಲೆಂಡ್’ ಎಂದು ಪೂರ್ಣವಾಕ್ಯದಲ್ಲಿ ಹೇಳಿದಾಗ ಕೊಡುವವರು ಯಾರು, ಪಡೆಯುವವರು ಯಾರು ಎಂಬುದು ಒಳಗೇ ಬಂದುಬಿಡುತ್ತದೆ. ‘ರವಿ ಬಾರೋಡ್ ಎ ಬುಕ್ ಫ್ರಮ್ ದ ಲೈಬ್ರರಿ’, ‘ದ ಲೈಬ್ರರಿ ಲೆಂಟ್ ರವಿ ಎ ಬುಕ್’ ಎಂಬ ಎರಡು ವಾಕ್ಯಗಳನ್ನು ಅದರ ಕೆಳಗಿಟ್ಟರೆ ಗೊಂದಲ ಉಳಿಯುವುದಿಲ್ಲ.

ಪ್ರಯೋಗವಾಕ್ಯ ನಿಜಬಳಕೆಯಿಂದ ಎತ್ತಿದ್ದೇ ಆಗಬೇಕು, ಸಂಪಾದಕರು ಕಟ್ಟಿದ್ದಾಗಬಾರದು ಎಂದು ಸಿಂಕ್ಲೇರ್ ಬಲವಾಗಿ ನಂಬಿದ್ದರು. ಕಟ್ಟಿದ ವಾಕ್ಯದಲ್ಲಿ ಯಾರೂ ಆಡದ ಮಾತು ನುಸುಳಬಹುದು ಎಂಬ ಅವರ ಆತಂಕ ಸರಿಯಾದದ್ದೇ. ಆದರೆ ಪತ್ರಿಕೆಯಿಂದ ಕತ್ತರಿಸಿ ತಂದ ವಾಕ್ಯದಲ್ಲಿ ಹಿಂದುಮುಂದಿನ ಸಂದರ್ಭ ತಿಳಿಯದ ಸಂಗತಿಗಳೂ ಕಲಿಯಬೇಕಾದ ಪದಕ್ಕಿಂತ ಕಠಿಣವಾದ ಪದಗಳೂ ಸೇರಿಕೊಂಡಿರುತ್ತವೆ. ಆಗ ಸಿದ್ಧಪದದ ಸಾನ್ನಿಧ್ಯವೇ ಇಲ್ಲದಂತಾಗುತ್ತದೆ. ಆರಂಭದ ಹಂತದವರಿಗೆ, ಬಳಕೆಗೆ ನಿಷ್ಠವಾಗಿದ್ದು ಒಂದೇ ಒಂದು ಹೊಸ ಪದವುಳ್ಳ ಕಟ್ಟಿದ ವಾಕ್ಯವೇ ಮೇಲು.

ಪ್ರಯೋಗಕ್ಕೆ ಇಷ್ಟು ಮಹತ್ತ್ವ ಕೊಡುವುದು ಕನ್ನಡಕ್ಕೆ ಹೊರಗಿನಿಂದ ಬಂದದ್ದಲ್ಲ. ಹದಿಮೂರನೆಯ ಶತಮಾನದ ಕೇಶಿರಾಜ ತನ್ನ ಶಬ್ದಮಣಿದರ್ಪಣದಲ್ಲಿ ಸೂತ್ರ ಹೇಳಿ, ವೃತ್ತಿಯಲ್ಲಿ ಅದನ್ನು ಬಿಡಿಸಿ, ಬಳಿಕ ಪ್ರಯೋಗವೆಂದು ಕವಿಗಳ ಮಾತುಗಳನ್ನು ಎತ್ತಿ ತೋರಿಸಿದ. ಮಂಗಳೂರಿನಲ್ಲಿ 1894ರಲ್ಲಿ ಬಾಸೆಲ್ ಮಿಷನ್ ಅಚ್ಚುಹಾಕಿದ ಕನ್ನಡ-ಇಂಗ್ಲಿಷ್ ನಿಘಂಟಿನಲ್ಲಿ ಫರ್ಡಿನೆಂಡ್ ಕಿಟೆಲ್ ಪದಗಳ ಅರ್ಥಕ್ಕೆ ಬೆಂಬಲವಾಗಿ ಗಾದೆಗಳನ್ನೂ ಕಾವ್ಯಪ್ರಯೋಗಗಳನ್ನೂ ಸೇರಿಸಿದರು. ಕನ್ನಡ ಸಾಹಿತ್ಯ ಪರಿಷತ್ತಿನ ಎಂಟು ಸಂಪುಟಗಳ ನಿಘಂಟು ಶಾಸನಗಳಿಂದ ಹಿಡಿದು ಆಧುನಿಕ ಬರಹದವರೆಗಿನ ಪ್ರಯೋಗಗಳ ಮೇಲೆ ನಿಂತಿದೆ. ಅಮರಕೋಶವನ್ನು ಬಾಯಿಪಾಠ ಮಾಡುವ ಪರಂಪರೆ ಇದಕ್ಕಿಂತ ಬೇರೆ. ಸಂಸ್ಕೃತವನ್ನು ಬಲ್ಲ ಕವಿಗೆ ಪರ್ಯಾಯಪದಗಳನ್ನು ಒದಗಿಸಲು ಅದು ಅತ್ಯುತ್ತಮ ಸಾಧನವಾಗಿತ್ತು, ಆದರೆ ಅದೇ ಅಭ್ಯಾಸವನ್ನು ಭಾಷೆಯನ್ನೇ ಅರಿಯದವರ ಮೇಲೆ ಹೇರಿದಾಗ ‘ಪದ’ ಮತ್ತು ‘ಅರ್ಥ’ ಎಂಬ ಎರಡಂಕಣದ ಪಟ್ಟಿ ಹುಟ್ಟುತ್ತದೆ.

ಆ ಪಟ್ಟಿಯಿಂದಾಗುವ ಹಾನಿಗೆ ‘ನೋಡು’ ಎಂಬ ಒಂದು ಪದ ಸಾಕು. ‘ಸೀ’, ‘ಲುಕ್’, ‘ವಾಚ್’ ಮೂರಕ್ಕೂ ಪಟ್ಟಿ ಅದೊಂದನ್ನೇ ಕೊಡುತ್ತದೆ. ತಾನಾಗಿ ಕಣ್ಣಿಗೆ ಬೀಳುವುದು ಮೊದಲನೆಯದು, ಕಣ್ಣನ್ನು ಬೇಕೆಂದೇ ಹಾಯಿಸುವುದು ಎರಡನೆಯದು, ನಡೆಯುತ್ತಿರುವುದನ್ನು ಸ್ವಲ್ಪ ಹೊತ್ತು ಗಮನಿಸುತ್ತಿರುವುದು ಮೂರನೆಯದು. ಕನ್ನಡದಲ್ಲಿ ‘ಕಾಣು’ ಮತ್ತು ‘ನೋಡು’ಗಳಿಗೆ ಇರುವ ಭೇದ ಇದಕ್ಕೆ ಬಹಳ ಹತ್ತಿರದ್ದು, ಬೆಟ್ಟದ ಮೇಲಿನಿಂದ ಊರು ಕಾಣುತ್ತದೆ ಎಂಬುದಕ್ಕೂ ಊರನ್ನು ನೋಡಿದೆವು ಎಂಬುದಕ್ಕೂ ಇರುವ ಅಂತರವನ್ನು ಎತ್ತಿ ತೋರಿಸಿದರೆ ಹತ್ತು ವರ್ಷದ ಮಗುವಿಗೂ ‘ಸೀ’ ಮತ್ತು ‘ಲುಕ್’ ಅರ್ಥವಾಗುತ್ತವೆ. ಆದ್ದರಿಂದ ಕನ್ನಡವನ್ನು ಇಂಗ್ಲಿಷ್ ತರಗತಿಯಿಂದ ಹೊರಗಟ್ಟಬೇಕೆಂಬ ವಾದಕ್ಕೆ ಇಲ್ಲಿ ಬೆಂಬಲವಿಲ್ಲ. ಒಂದು ಪದಕ್ಕೆ ಒಂದು ಪದ ಎಂದು ಇಡುವ ಬದಲು ಒಂದು ವಾಕ್ಯಕ್ಕೆ ಒಂದು ವಾಕ್ಯವನ್ನು ಇಟ್ಟಾಗ ಕನ್ನಡವೇ ಅತ್ಯಂತ ಸಮರ್ಥವಾದ ವಿವೃತಿಯಾಗುತ್ತದೆ. ಕನ್ನಡದೊಳಗೆ ಬಂದು ನೆಲೆಸಿದ ಇಂಗ್ಲಿಷ್ ಪದಗಳ ವಿಷಯದಲ್ಲಂತೂ ವಾಕ್ಯದ ಸಹಾಯವಿಲ್ಲದೆ ನಡೆಯುವಂತೆಯೇ ಇಲ್ಲ: ಉಡುಪಿಯ ಹೋಟೆಲು ದೋಸೆ ಕಾಫಿ ಸಿಗುವ ಜಾಗ, ಇಂಗ್ಲೆಂಡಿನವರ ‘ಹೋಟೆಲ್’ ರಾತ್ರಿ ತಂಗುವ ಜಾಗ, ಈ ಪದ ತನಗೆ ಗೊತ್ತೆಂದು ನಂಬಿದವರು ನಿಘಂಟನ್ನು ತೆರೆಯುವುದೇ ಇಲ್ಲ.

ಕರ್ನಾಟಕದ ಸರ್ಕಾರಿ ಶಾಲೆಗಳಲ್ಲಿ 2007ರಿಂದ ಒಂದನೆಯ ತರಗತಿಯಿಂದಲೇ ಇಂಗ್ಲಿಷನ್ನು ಒಂದು ಭಾಷೆಯಾಗಿ ಕಲಿಸಲಾಗುತ್ತಿದೆ. ಅದಕ್ಕಿಂತ ಬಹು ಮೊದಲು, 1963ರಲ್ಲಿ ಬೆಂಗಳೂರಿನಲ್ಲಿ ಸ್ಥಾಪನೆಯಾದ ದಕ್ಷಿಣ ಭಾರತದ ಪ್ರಾದೇಶಿಕ ಇಂಗ್ಲಿಷ್ ಸಂಸ್ಥೆ ಶಿಕ್ಷಕರ ತರಬೇತಿಯನ್ನು ನಡೆಸುತ್ತ ಬಂದಿತ್ತು, ಅದರ ಆಶ್ರಯದಲ್ಲಿ 1979ರಿಂದ 1984ರವರೆಗೆ ಎನ್. ಎಸ್. ಪ್ರಭು ಅವರು ನಡೆಸಿದ ಪ್ರಯೋಗ ಬೆಂಗಳೂರು ಯೋಜನೆಯೆಂದು ಜಗತ್ತಿನ ಭಾಷಾಶಿಕ್ಷಣದ ಪುಸ್ತಕಗಳಲ್ಲಿ ಹೆಸರಾಯಿತು. ನಕ್ಷೆ ಓದುವುದು, ರೈಲಿನ ವೇಳಾಪಟ್ಟಿಯಿಂದ ಉತ್ತರ ಹುಡುಕುವುದು ಇಂಥ ಕೆಲಸಗಳಲ್ಲಿ ಮಕ್ಕಳ ಮನಸ್ಸು ಅರ್ಥದ ಮೇಲೆ ನಿಂತಿರುವಾಗಲೇ ಭಾಷೆ ಚೆನ್ನಾಗಿ ಬೇರೂರುತ್ತದೆ ಎಂಬುದು ಆ ಯೋಜನೆಯ ನಂಬಿಕೆ. ಪದಪಾಠಕ್ಕೆ ಇದನ್ನು ಅನ್ವಯಿಸಿದರೆ, ಮೊದಲು ವಾಕ್ಯ ಬರಬೇಕು, ಉಳಿದ ಪದಗಳ ಬಲದಿಂದ ಮಗು ಅರ್ಥವನ್ನು ಊಹಿಸಬೇಕು, ಊಹೆ ಸರಿಯೇ ಎಂದು ವಿವರಣೆಯಲ್ಲಿ ಪರೀಕ್ಷಿಸಬೇಕು, ಅನಂತರ ತನ್ನದೇ ಒಂದು ವಾಕ್ಯವನ್ನು ಕಟ್ಟಬೇಕು. ಊಹಿಸಲು ಪಟ್ಟ ಪ್ರಯತ್ನವೇ ನೆನಪನ್ನು ಗಟ್ಟಿಗೊಳಿಸುತ್ತದೆ. ಮರೆವು ಕಲಿತ ಮೊದಲ ಗಂಟೆಗಳಲ್ಲೇ ಅತಿ ವೇಗವಾಗಿರುತ್ತದೆ ಎಂದು ಜರ್ಮನಿಯ ಹರ್ಮನ್ ಎಬಿಂಗ್‌ಹಾಸ್ 1885ರಲ್ಲೇ ಅಳೆದು ತೋರಿಸಿರುವುದರಿಂದ, ಅದೇ ಪದ ಮರುದಿನವೂ ಮುಂದಿನ ವಾರವೂ ಬೇರೆ ಬೇರೆ ವಾಕ್ಯಗಳಲ್ಲಿ ಎದುರಾಗಬೇಕು.

ಮಗು ಕಟ್ಟುವ ವಾಕ್ಯ ಮಗುವಿನ ಊರಿನದೇ ಆಗಿರಬೇಕು ಎಂಬುದರಲ್ಲಿ ಸಂಶಯವಿಲ್ಲ. ಹಿಮ ಬೀಳುವ ಊರಿನ ಮಕ್ಕಳ ಆಟವನ್ನು ಕುರಿತ ವಾಕ್ಯ ಕಲಬುರಗಿಯ ಮಗುವಿಗೆ ಹೊಸ ಪದದ ಜೊತೆಗೆ ಹೊಸ ಲೋಕವನ್ನೂ ಹೊರಿಸುತ್ತದೆ. ಸಂತೆ, ಜಾತ್ರೆ, ಪಡಿತರದ ಅಂಗಡಿ, ಸಂಜೆಯ ಕೊನೆಯ ಬಸ್ಸು ಇವುಗಳನ್ನು ಕುರಿತ ಇಂಗ್ಲಿಷ್ ವಾಕ್ಯದಲ್ಲಿ ಹೊರೆಯೆಂಬುದು ಹೊಸ ಪದ ಒಂದೇ. ಇಂಗ್ಲಿಷ್-ಇಂಗ್ಲಿಷ್-ಕನ್ನಡ ನಿಘಂಟುಗಳು ಈಗ ಪೇಟೆಯಲ್ಲಿ ಸಿಗುತ್ತವೆ, ಫೋನಿನಲ್ಲಿ ಬೆರಳು ತಾಕಿಸಿದರೆ ಕನ್ನಡದ ಒಂದು ಸಮಾನಪದ ಕ್ಷಣದಲ್ಲಿ ಬರುತ್ತದೆ, ಆದರೆ ಈ ವಾಕ್ಯಗಳನ್ನು ಬೇರೆ ಯಾರೂ ಬರೆದುಕೊಡುವುದಿಲ್ಲ. ನಾಡಿನ ಇಂಗ್ಲಿಷ್ ಶಿಕ್ಷಕರು ಎರಡಂಕಣದ ಪಟ್ಟಿಯನ್ನು ಬಿಟ್ಟು, ಪಾಠಕ್ಕೆ ಐದೇ ಪದಗಳಾದರೂ ಸರಿ, ಪ್ರತಿಯೊಂದಕ್ಕೂ ತಮ್ಮ ಊರಿನ ಒಂದು ವಾಕ್ಯವನ್ನು ಕರಿಹಲಗೆಯ ಮೇಲೆ ಬರೆದು, ಇನ್ನೊಂದನ್ನು ಮಕ್ಕಳಿಂದ ಬರೆಸಬೇಕು. ಆ ವಾಕ್ಯಗಳನ್ನು ಒಂದು ಶಾಲೆಯವರು ಇನ್ನೊಂದು ಶಾಲೆಯವರಿಗೆ ಹಂಚಿಕೊಳ್ಳಬೇಕು.